ಮನೆ ಕಟ್ಟಿಸುವಾಗ ಕೊಟ್ಟ ಮುಂಗಡ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ನೆರವೇರಿಸಿದ್ದ ನನಗೆ ಮನೆಯೊಂದು ದೊಡ್ಡ ಮಾತಲ್ಲವೆಂಬ ಧೈರ್ಯವಿತ್ತು. ಔರಾದ ತಾಲ್ಲೂಕಿನ ಶಾಲೆಗಳಲ್ಲಿ ಶಿಕ್ಷಕನಾಗಿದ್ದು 2018ರಲ್ಲಿ ನಿವೃತ್ತನಾದ ನಾನು, ಮರುವರ್ಷ ಬೀದರ ನಗರದ ನಿವೇಶನದಲ್ಲಿ ಮನೆ ಕಟ್ಟಿಸಲು ತೊಡಗಿದೆನು.

ಭಾಲ್ಕಿ ಕಡೆಯ ಗುತ್ತಿಗೆದಾರನೊಬ್ಬನು ಬಳಗದವರ ಮೂಲಕ ಪರಿಚಿತನಾದನು. ಹಣೆಯಲ್ಲಿ ವಿಭೂತಿ, ವಿನಯದ ಮಾತು. 18 ಲಕ್ಷ ರೂಪಾಯಿಗೆ ಒಪ್ಪಿ, ಕಬ್ಬಿಣ ಸಿಮೆಂಟಿನ ದರ ಏರುವ ಮುನ್ನ ಕೊಂಡಿಡಬೇಕೆಂದು 4 ಲಕ್ಷ ಮುಂಗಡ ಬೇಡಿದನು. ಕಾಗದ ಮಾಡಿಕೊಳ್ಳಬಾರದೇ ಎಂದು ನನ್ನ ಧರ್ಮಪತ್ನಿ ಕೇಳಿದಳು. ‘ನಮ್ಮನಮ್ಮಲ್ಲೇ ಕಾಗದವೇ? ಅವರು ಏನೆಂದುಕೊಂಡಾರು?’ ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆನು. ಅವಳ ಬಂಗಾರದ ಪಾಟಲಿಗಳೂ ಆ ಹಣದಲ್ಲಿ ಸೇರಿದ್ದವು. ಕೊಟ್ಟುದೆಲ್ಲ ನಗದು. 2 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಹಣವನ್ನು ಒಂದೇ ವ್ಯವಹಾರದಲ್ಲಿ ನಗದಾಗಿ ಪಡೆಯುವುದು 2017ರ ಏಪ್ರಿಲ್‌ನಿಂದಲೇ ನಿಷಿದ್ಧವಾಗಿತ್ತೆಂಬುದನ್ನು ಈ ಮಾಸ್ತರನು ತಿಳಿದಿರಲಿಲ್ಲ!

ಬೀದರ ನಗರವಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ. ನಮ್ಮ ಔರಾದ ಕಡೆಯ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅಲ್ಲಿ ಪಾಯ ಆಳಕ್ಕಿಳಿಯಬೇಕು. ಇಲ್ಲಿ ಅಗೆಯುವುದು ಕಷ್ಟ, ಅಗೆದ ಮೇಲೆ ಭದ್ರ. ಎರಡು ವಾರ ಅಗೆಸಿದ ಗುತ್ತಿಗೆದಾರನು, ಕಲ್ಲು ಬಂದಿದೆಯೆಂದು ಮತ್ತೊಂದು ಲಕ್ಷ ಕೇಳಿದನು. ನಾನು ಕೊಡಲಿಲ್ಲ, ಆಳುಗಳು ಬರಲಿಲ್ಲ. ಮಿರಗದ ಮಳೆಗೆ ಪಾಯದ ಗುಂಡಿಗಳು ತುಂಬಿ ನಿಂತವು.

ರೈಲಿನಲ್ಲಿ ಆರು ಸಲ ಭಾಲ್ಕಿಗೆ ಹೋದೆನು. ಒಮ್ಮೆ ಊಟಕ್ಕೂ ಕುಳ್ಳಿರಿಸಿದರು. ಆತನು ಹಣವನ್ನು ಕುಡಿದು ಹಾಳುಮಾಡಿರಲಿಲ್ಲ. ನನ್ನ ಮುಂಗಡ ಹಿಂದಿನವರ ಛಾವಣಿಗೆ ಹೋಗಿತ್ತು. ಮುಂದಿನವರ ಮುಂಗಡದಿಂದ ನನ್ನ ಪಾಯ ಏಳಬೇಕಿತ್ತು. ಆ ಮುಂದಿನವರು ದೊರೆತಿರಲಿಲ್ಲ, ಅಷ್ಟೆ.

ವಕೀಲರನ್ನು ಕಂಡೆನು. ಮನೆ ನಿರ್ಮಾಣವು 1993ರಿಂದ ಗ್ರಾಹಕ ಕಾನೂನಿನ ಸೇವೆಗಳಲ್ಲಿ ಸೇರಿದೆ, ಎರಡು ವರ್ಷದೊಳಗೆ ದೂರು ಕೊಡಬಹುದು ಎಂದು ತಿಳಿಸಿ, ‘ರಸೀದಿ ಎಲ್ಲಿ?’ ಎಂದರು. ಕೊಟ್ಟುದು ಮುಂಗಡವೋ ಇಸಾರವೋ ಎಂದೂ ಕೇಳಿದರು. ಕೊಟ್ಟವನು ಮಾತಿಗೆ ತಪ್ಪಿದರೆ ಇಸಾರ ಮುಳುಗಬಹುದು, ಮುಂಗಡ ಹಾಗಲ್ಲವಂತೆ. ಇಸಾರಕ್ಕೆ ಕನ್ನಡದಲ್ಲಿ ಸಂಚಕಾರವೆಂಬ ಹೆಸರೂ ಇದೆ. ಆ ಮಾತಿಗೆ ಆಪತ್ತೆಂಬ ಅರ್ಥವೂ ಏಕೆ ಬಂದಿತೆಂಬುದು ನನಗೆ ಅಂದು ಹೊಳೆಯಿತು. ಕೊನೆಗೆ ಹಿರಿಯರು ಕೂಡಿಸಿ ಮಾತನಾಡಿದ್ದರಿಂದ ಮೂರು ಕಂತುಗಳಲ್ಲಿ ಒಂದೂವರೆ ಲಕ್ಷ ಮರಳಿತು.

ಎರಡನೆಯ ಸಲ ಔರಾದಿನ ಗೌಂಡಿಯೊಬ್ಬನನ್ನು ಕರೆಸಿದೆನು. ಏನೂ ಮುಂಗಡ ಕೊಡೆನೆಂದಾಗ ಆತನು ‘ಸರ್, ಮೊದಲ ವಾರ ಆಳುಗಳಿಗೆ ನಾನೇನು ಕೊಡಲಿ?’ ಎಂದನು. ಅದೂ ನಿಜವೇ. ಬೆಂದವನ ಸಂಶಯವನ್ನು ದುಡಿಯುವವನ ಮೇಲೆ ಹೇರುವುದು ನ್ಯಾಯವಲ್ಲ. 50,000 ರೂಪಾಯಿ ಚೆಕ್ಕಿನಲ್ಲಿ ಕೊಟ್ಟು ರಸೀದಿ ಪಡೆದೆನು. ಸಿಮೆಂಟು ಕಬ್ಬಿಣಗಳನ್ನು ಅಂಗಡಿಯಿಂದ ನಾನೇ ತಂದೆನು. ಉಳಿದುದು ಪಾಯ, ಕಿಟಕಿ ಮಟ್ಟ, ಛಾವಣಿ, ಗಿಲಾಯಿ ಎಂದು ಹಂತಹಂತವಾಗಿ, ಕಡೆಯ ಕಂತು ಛಾವಣಿಯ ಮೇಲೆ ಒಂದು ಮಳೆಗಾಲ ಕಳೆದ ಬಳಿಕ ಎಂದು ಛಾಪಾ ಕಾಗದದಲ್ಲಿ ಬರೆದುಕೊಂಡೆವು. ಸರ್ಕಾರದ ವಸತಿ ಯೋಜನೆಗಳ ಹಣವೂ ಹೀಗೆಯೇ ಹಂತಹಂತವಾಗಿ ಬರುತ್ತದೆ. ಊರಿನ ಎಷ್ಟೋ ಮಂದಿಗೆ ಆ ಅರ್ಜಿಗಳನ್ನು ಬರೆದುಕೊಟ್ಟವನು ನಾನೇ.

ಮೊದಲಿನವನು ಅಡ್ಡಾದಿಡ್ಡಿ ಅಗೆಸಿದ್ದ ಒಂದು ಗುಂಡಿ ಹೊಸ ನಕ್ಷೆಗೆ ಹೊಂದಲಿಲ್ಲ. ಗೌಂಡಿಯು ಅದಕ್ಕೆ ಗಿಲಾಯಿ ಮಾಡಿ ನೀರಿನ ತೊಟ್ಟಿಯಾಗಿಸಿದನು. ಬೇಸಿಗೆಯಲ್ಲಿ ನಲ್ಲಿ ನಿಂತಾಗ ನಮ್ಮ ಮನೆಯವರು ಅದರಿಂದಲೇ ನೀರು ಮೊಗೆಯುತ್ತಾರೆ. ಅದನ್ನು ಎರಡೂವರೆ ಲಕ್ಷದ ತೊಟ್ಟಿಯೆಂದು ಕರೆಯುತ್ತಾರೆ.