ಗಿರಾಕಿಗಳ ಬಟ್ಟೆ

ದಾನ ಕೊಟ್ಟ ಭೂಮಿಯ ಮೂಡಣಕ್ಕೆ ಯಾವ ಹಳ್ಳ, ಪಡುವಣಕ್ಕೆ ಯಾವ ಕಲ್ಲು ಎಂದು ಶಾಸನಗಳು ಎಲ್ಲೆಗಳನ್ನು ಒಂದೊಂದಾಗಿ ಹೇಳುತ್ತವೆ. ಸವೆದ ಆ ಅಕ್ಷರಗಳನ್ನು ಓದುವುದೇ ಈಗ ನನ್ನ ಸಂಶೋಧನೆ. ಅದನ್ನು ಕಲಿಯತೊಡಗಿದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಆದರೆ ಅಪ್ಪನ ಟ್ರಂಕಿನಲ್ಲಿದ್ದ ವಿಮಾ ಪಾಲಿಸಿಯನ್ನು ನಾನು ಮೊದಲ ಸಲ ಓದಿದ್ದು ಅದು ನೀರಿನಲ್ಲಿ ನೆನೆದ ಮೇಲೆ.

ಗೋಕಾಕದ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಟೇಲರಿಂಗ್ ಅಂಗಡಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದಾಗ ಅಂಗಡಿ, ಅಡಿಗೆಮನೆ ಎಲ್ಲವೂ ಮುಳುಗಿದವು. ಕೆಸರು ಬಳಿಯುತ್ತಲೇ ಅಪ್ಪ ಸಮಾಧಾನ ಹೇಳಿದ: "ಇನ್ಶೂರನ್ಸ್ ಐತಿ ಬಿಡವ್ವಾ, ಬ್ಯಾಂಕಿನವ್ರು ವರ್ಷಾ ರೊಕ್ಕಾ ಹಿಡ್ಕೊಂಡಾರ."

ನಿಜ, ಇತ್ತು. ಪ್ರವಾಹಕ್ಕೂ ಪರಿಹಾರವಿತ್ತು. ಆದರೆ ಬ್ಯಾಂಕು ವಿಮೆ ಮಾಡಿಸಿದ್ದು ತಾನು ಸಾಲ ಕೊಟ್ಟಿದ್ದ ಸರಕಿಗೆ ಮಾತ್ರ. ಹೊಲಿಗೆ ಯಂತ್ರ, ಮನೆಯ ಗೋಡೆ, ಪಾತ್ರೆಪಗಡೆ ಯಾವುದೂ ಅದರಲ್ಲಿರಲಿಲ್ಲ. ಇನ್ನೊಂದು ಲೆಕ್ಕ ಸರ್ವೇಯರ್ ಬಂದಾಗ ತಿಳಿಯಿತು. ಅಂಗಡಿಯಲ್ಲಿದ್ದ ಸರಕು 3 ಲಕ್ಷದ್ದು, ವಿಮೆ ಒಂದೂವರೆ ಲಕ್ಷಕ್ಕೆ. ಅರ್ಧಕ್ಕೆ ವಿಮೆ ಮಾಡಿಸಿದವರಿಗೆ ನಷ್ಟದಲ್ಲೂ ಅರ್ಧವೇ. ಹಾಳಾದ 80 ಸಾವಿರದ ಬಟ್ಟೆಗೆ 40 ಸಾವಿರ. ಅದರಲ್ಲೂ ಪಾಲಿಸಿಯ ಕಡಿತ ಕಳೆದು, ಉಳಿದದ್ದು ನೇರ ಸಾಲದ ಖಾತೆಗೆ.

ಅಪ್ಪ ಅದಕ್ಕೂ ಬೇಸರ ಮಾಡಿಕೊಳ್ಳಲಿಲ್ಲ. ಕೇಳಿದ್ದು ಒಂದೇ: "ಗಿರಾಕಿ ಅರಿವಿಗೆ ಏನ್ ಬರದಾರ?"

ಹೊಲಿಯಲು ಕೊಟ್ಟಿದ್ದ ಸ್ಕೂಲ್ ಯೂನಿಫಾರ್ಮು, ಮದುವೆ ಕುಪ್ಪಸ, ಪ್ಯಾಂಟ್‌ಪೀಸುಗಳು ಕೆಸರಿನ ಉಂಡೆಯಾಗಿ ಬಿದ್ದಿದ್ದವು. ಹೊರಗಿಡುವ ವಸ್ತುಗಳ ಸಣ್ಣಕ್ಷರದ ಪಟ್ಟಿಯಲ್ಲಿ ಉತ್ತರವಿತ್ತು. ಇತರರು ನಂಬಿ ಒಪ್ಪಿಸಿದ ಸರಕು, ಪಾಲಿಸಿಯಲ್ಲಿ ಬೇರೆಯಾಗಿ ನಮೂದಿಸದ ಹೊರತು, ಸೇರುವುದಿಲ್ಲ. ಅದೇ ಪಟ್ಟಿಯಲ್ಲಿ ಹಸ್ತಪ್ರತಿಗಳೂ ಇದ್ದವು. ನನಗೆ ನಗು ಬರಲಿಲ್ಲ.

"ಏನೂ ಇಲ್ಲಪ್ಪಾ" ಎಂದೆ. ಅಪ್ಪ ಆರ್ಡರ್ ಪುಸ್ತಕವನ್ನು ಬಿಸಿಲಿಗೆ ಹರವಿ, ಅಳಿಸದೆ ಉಳಿದ ಹೆಸರುಗಳನ್ನು ಹೊಸ ನೋಟ್‌ಬುಕ್ಕಿಗೆ ನನ್ನಿಂದ ಬರೆಸಿದ. ಎರಡು ವರ್ಷ ಒಬ್ಬೊಬ್ಬರಿಗೇ ದುಡ್ಡು ಮುಟ್ಟಿಸಿದ. ಬೇಡ ಎಂದವರಿಗೆ ಕೂಲಿಯಿಲ್ಲದೆ ಹೊಲಿದುಕೊಟ್ಟ.

2021ರ ಏಪ್ರಿಲ್‌ನಿಂದ ಮನೆಗೆ 'ಭಾರತ್ ಗೃಹ ರಕ್ಷಾ', ಸಣ್ಣ ಅಂಗಡಿಗಳಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಏಕರೂಪದ ಪಾಲಿಸಿಗಳು ಬಂದಿವೆ. ಮೊದಲನೆಯದರಲ್ಲಿ ಕಡಿಮೆ ಮೊತ್ತದ ವಿಮೆಗೆ ಪರಿಹಾರ ಕತ್ತರಿಸುವುದಿಲ್ಲ. ಎರಡನೆಯದರಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಏನಿದೆ, ಎಷ್ಟಿದೆ, ಯಾರದು ಎಂದು ಹೇಳಬೇಕಾದವರು ನಾವೇ. ಹೋದ ಸಲ ಅಪ್ಪನ ಜೊತೆ ಹೋಗಿ ಮನೆಗೆ ಬೇರೆ, ಅಂಗಡಿಗೆ ಬೇರೆ ಪಾಲಿಸಿ ಮಾಡಿಸಿದೆ. ಯಂತ್ರಗಳನ್ನು ಸೇರಿಸಿ, ಗಿರಾಕಿಗಳ ಬಟ್ಟೆಯನ್ನು ಬೇರೆಯಾಗಿಯೇ ಬರೆಸಿದೆ.

ಪಾಲಿಸಿ ಕೈಗೆ ಬಂದ ದಿನ ಅಪ್ಪ ಕೇಳಿದ: "ಗಿರಾಕಿ ಅರಿವಿ ಯಾವ ಸಾಲಿನ್ಯಾಗ ಐತಿ, ತೋರ್ಸು." ತೋರಿಸಿದೆ. ಅಳತೆಯ ಗುರುತು ಹಾಕುವ ಚಾಕು ತಗೊಂಡು ಆ ಇಂಗ್ಲಿಷ್ ಸಾಲಿನ ಕೆಳಗೆ ಗೆರೆ ಎಳೆದ.