ಗೆರೆಗೆ ಸಿಗದ ಅಣ್ಣ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಲು ಸೇರಿದಾಗ ಅಕ್ಕ-ತಂಗಿ ನಮ್ಮಿಬ್ಬರನ್ನೂ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ಓದಿ ಏನ್ ಮಾಡ್ತೀರಿ?" ಉತ್ತರ ನಮಗೂ ತಿಳಿದಿರಲಿಲ್ಲ. ಅದು ಕಾಡಿನ ಜನರ ಕುರಿತ ವಿಷಯವೆಂದೇ ಭಾವಿಸಿದ್ದೆವು.

ಆದರೆ ಪಾಠ ಆರಂಭವಾದದ್ದು ನಮ್ಮ ಮನೆಗಳಿಂದಲೇ. ಇಂಗ್ಲಿಷಿನವರು 'ಅಂಕಲ್' ಎಂದು ಮುಗಿಸುವಲ್ಲಿ ನಾವೇಕೆ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಂದು ಬೇರೆ ಮಾಡುತ್ತೇವೆ? ಮುಸ್ಲಿಮರಲ್ಲಿ ಚಿಕ್ಕಪ್ಪನ ಮಗಳನ್ನು ಮದುವೆಯಾಗಲು ಅಡ್ಡಿಯಿಲ್ಲ ಎಂಬ ಮಾತು ಬಂದಾಗ ತರಗತಿಯೆಲ್ಲ ನಮ್ಮತ್ತ ತಿರುಗಿತು. ನಾವು ತಲೆ ತಗ್ಗಿಸಿದೆವು. ಆಗ ಗುರುಗಳು ಭಾರತದ ಬಂಧುತ್ವದ ಬಗ್ಗೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೆನಪಿಸಿ, "ನೀವು ಸೋದರಮಾವನ ಮಗಳನ್ನು ತರುತ್ತೀರಲ್ಲ, ಉತ್ತರದ ಹಿಂದೂಗಳಿಗೆ ಅದೂ ಇಷ್ಟೇ ವಿಚಿತ್ರ" ಎಂದರು. ತರಗತಿ ನಕ್ಕಿತು. ನಾವೂ ನಕ್ಕೆವು.

ಮುಂದೆ ವಂಶಾವಳಿ ಬರೆಯುವ ಕೆಲಸ. 1901-02ರಲ್ಲಿ ನೀಲಗಿರಿಯ ತೋಡರ ನಡುವೆ ರಿವರ್ಸ್ ಎಂಬ ವಿದ್ವಾಂಸರು ಬಳಸಿದ ವಿಧಾನವದು. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ. ಊರಿಗೆ ಹೋಗಿ ಅಜ್ಜಿಯ ಮುಂದೆ ಹಾಳೆ ಹರಡಿದೆವು. ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ, "ನಮ್ಮಣ್ಣ ಎಲ್ಲದಾನ ಇದರಾಗ?" ಎಂದಳು.

ಅಜ್ಜಿಗೆ ಒಡಹುಟ್ಟಿದ ಅಣ್ಣನೇ ಇರಲಿಲ್ಲ. ಅವಳು ಹೇಳಿದ್ದು ಪಕ್ಕದ ಮನೆಯ ಲಿಂಗಾಯತ ರೈತನನ್ನು. ಅರಳೆ ಹಿಂಜಿ ಗಾದಿ ತುಂಬುತ್ತಿದ್ದ ಅಜ್ಜನ ಮನೆಗೆ ಸೊಸೆಯಾಗಿ ಬಂದ ಅವಳಿಗೆ ಪ್ರತಿ ಪಂಚಮಿಗೂ ತವರಿನಂತೆ ಉಂಡಿ ಕಳಿಸುತ್ತಿದ್ದವರು ಅವರು. ಈದ್‌ಗೆ ಇಲ್ಲಿಂದ ಸುರಕುಂಬಾ ಹೋಗುತ್ತಿತ್ತು.

"ಶಾಸ್ತ್ರದಲ್ಲಿ ಇದನ್ನು ಕಲ್ಪಿತ ಬಂಧುತ್ವ ಎನ್ನುತ್ತಾರೆ. ಚುಕ್ಕಿಗೆರೆ ಹಾಕಿ, ಅವರ ಮನೆಗೂ ಹೋಗಿ ಬರೆದುಕೊಳ್ಳಿ" ಎಂದರು ಗುರುಗಳು. ಆ ಪದವನ್ನು ಅಜ್ಜಿಗೆ ಹೇಳುವ ಧೈರ್ಯ ನಮಗಾಗಲಿಲ್ಲ.

ಆ ಅಣ್ಣ ತೀರಿಕೊಂಡ ಮೇಲೆ ಉಂಡಿ ಬರುವುದು ನಿಂತಿತ್ತು. ಕಾಲ ಕೆಟ್ಟಿತು, ಅವರು ಬದಲಾದರು ಎಂದು ನಾವು ಮನೆಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಟಿಪ್ಪಣಿ ಪುಸ್ತಕ ಹಿಡಿದು ಹೋದಾಗ ಅವರ ಸೊಸೆ ಚಹಾ ಕೊಟ್ಟು, "ನೀವೂ ಸುರಕುಂಬಾ ಕಳಿಸೋದು ಬಿಟ್ರಲ್ಲವಾ" ಎಂದರು. ಬರೆಯಲು ತೆರೆದ ಪುಸ್ತಕವನ್ನು ನಾವು ಮುಚ್ಚಿದೆವು.

ಮೊದಲು ನಿಲ್ಲಿಸಿದವರು ಯಾರು ಎಂಬುದು ಎರಡೂ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಆ ವರ್ಷ ಈದ್‌ ದಿನ ನಾವಿಬ್ಬರೂ ಡಬ್ಬಿ ಹಿಡಿದು ಪಕ್ಕದ ಮನೆಗೆ ನಡೆದೆವು. ಅಜ್ಜಿ ಕಟ್ಟೆಯ ಮೇಲೆ ಕೂತು ನಾವು ಒಳಗೆ ಹೋಗುವವರೆಗೂ ನೋಡುತ್ತಿದ್ದಳು.