ಮೊಲದ ಮೇಲೆ ಕೂತು ಕಾಯಿ ತುರಿದದ್ದು

ಎಂಟು ದಿನದ ರಜೆಗೆ ನಾನು ನಾಲ್ಕು ತಿಂಗಳು ತಯಾರಿ ನಡೆಸಿದ್ದೆ. ಎಲ್ಲ ಲೆಕ್ಕವೂ ಸರಿಹೋಯಿತು, ಒಂದನ್ನು ಬಿಟ್ಟು. ಆ ಒಂದು ಯಾವುದೆಂದರೆ, ನಾನು ಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡಿದ್ದೇ.

ಹೆಂಡತಿ 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದಳು. ಬೀಳ್ಕೊಡುಗೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ, ಎರಡು ಗೋಡೆ ಗಡಿಯಾರ ಮನೆಗೆ ಬಂದವು. ರಾತ್ರಿ ಅವಳನ್ನು ಕೇಳಿದೆ, "ನನ್ನ ಕಡೆಯಿಂದ ಏನು ಬೇಕು ಹೇಳು." ಯೋಚಿಸಲಿಕ್ಕೆ ಹೊತ್ತೇ ತಗೊಳ್ಳಲಿಲ್ಲ. "ಸಮುದ್ರದ ಹತ್ತಿರ ಎಂಟು ದಿನ. ಗಲಾಟೆ ಇರಬಾರದು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ತಿಂಡಿಗೆ ಏನಪ್ಪಾ ಅಂತ ತಲೆಗೆ ಬರಬಾರದು." ಸಮುದ್ರ, ಎಂಟು ದಿನ, ಗಲಾಟೆ ಇಲ್ಲ: ಇಷ್ಟನ್ನು ಗುರುತು ಹಾಕಿಕೊಂಡೆ. ಕೊನೆಯ ಮಾತನ್ನು ಅವಳ ತಮಾಷೆ ಎಂದುಕೊಂಡೆ.

ಕುಮಟೆಯ ಕಡೆಯವನಿಗೆ ಸಮುದ್ರಕ್ಕಾಗಿ ವಿಮಾನ ಹತ್ತುವ ಅಗತ್ಯವೇನು ಎಂದು ಕೇಳಬಹುದು. ಅಗತ್ಯ ಇದೆ. ಗೋಕರ್ಣದಲ್ಲಿ ರೂಮು ಮಾಡಿದ್ದು ಗೊತ್ತಾದರೆ ಕುಮಟೆ, ಅಂಕೋಲೆ, ಹೊನ್ನಾವರ ಮೂರೂ ಕಡೆಯಿಂದ "ಮನೆ ಇದ್ದೂ ಹೋಟೆಲ್ಲಾ?" ಎಂದು ಫೋನು ಬರುತ್ತದೆ. ದಿನಕ್ಕೆರಡು ಮನೆಯ ಊಟ, ಪ್ರತಿ ಊಟದಲ್ಲೂ ಕಡುಬಿನ ಒತ್ತಾಯ, ಹೊರಡುವಾಗ ಒಂದು ಕೊಟ್ಟೆ ಉಪ್ಪಿನಕಾಯಿ. ಮೌನಕ್ಕೆ ನೆಂಟರಷ್ಟು ದೊಡ್ಡ ಶತ್ರು ಬೇರೆ ಇಲ್ಲ. ನೆಂಟರು ಬಿಟ್ಟರೂ ಶನಿವಾರ ಬಿಡುವುದಿಲ್ಲ. ಬೆಂಗಳೂರಿನ ರಾತ್ರಿ ಬಸ್ಸುಗಳು ಇಳಿಸಿದ ಹುಡುಗರು ಓಂ ಬೀಚಿನ ಮರಳ ಮೇಲೆ ಸ್ಪೀಕರ್ ಇಟ್ಟರೆಂದರೆ, ಅಲೆಯ ಸದ್ದು ಕೇಳಲು ಕಿವಿಯನ್ನು ನೀರಿಗೇ ಹಚ್ಚಬೇಕು.

ನಾವು ಹೀಗೆ ಲೆಕ್ಕ ಹಾಕುತ್ತಿದ್ದಾಗಲೇ, 2023ರ ನವೆಂಬರಿನಲ್ಲಿ, ಥೈಲ್ಯಾಂಡ್ ಭಾರತೀಯರಿಗೆ 30 ದಿನಗಳ ಮಟ್ಟಿಗೆ ವೀಸಾ ಬೇಡವೆಂದಿತು. ಬೆಂಗಳೂರಿಂದ ಬ್ಯಾಂಕಾಕಿಗೆ ನಾಲ್ಕು ಗಂಟೆಯೂ ಬೇಡ. ಕುಮಟೆಯ ಬಸ್ಸು ಅಷ್ಟರೊಳಗೆ ಚಿತ್ರದುರ್ಗ ದಾಟಿದರೆ ಪುಣ್ಯ. ಆದರೆ ಥೈಲ್ಯಾಂಡ್ ಎಂಬ ಹೆಸರು ಎತ್ತಿದ್ದೇ ತಡ, ನನ್ನ ವಾಕಿಂಗ್ ಗೆಳೆಯರ ಮುಖದಲ್ಲಿ ಒಂದು ನಗೆ ಮೂಡಿತು. "ಹೆಂಡತಿ ಜೊತೆಗಾ?" ಎಂದು ಒಬ್ಬರು ಕೇಳಿದರೆ, ಇನ್ನೊಬ್ಬರು ಸುಮ್ಮನೆ ಕಣ್ಣು ಹೊಡೆದರು. ಅರವತ್ತು ದಾಟಿದವರು, ಗುರುವಾರ ರಾಯರ ಮಠಕ್ಕೆ ತಪ್ಪದವರು. ಒಂದು ದೇಶವನ್ನು ನಮ್ಮ ಗಂಡಸರು ಎಷ್ಟು ಸಣ್ಣದು ಮಾಡಿ ಜೇಬಿನಲ್ಲಿಟ್ಟುಕೊಂಡಿದ್ದಾರೆ ಎಂದು ಆ ಬೆಳಿಗ್ಗೆ ನನಗೆ ನಿಜಕ್ಕೂ ನಾಚಿಕೆಯಾಯಿತು.

ಮುಂದಿನದು ದ್ವೀಪ ಆರಿಸುವ ಕೆಲಸ. ಡಿಸೆಂಬರಿನಲ್ಲಾದರೆ ಕೊ ಸಮುಯಿ ಬೇಡ, ಅದು ಪೂರ್ವದ ಕೊಲ್ಲಿಯಲ್ಲಿದೆ, ಅಲ್ಲಿ ವರ್ಷದ ಕೊನೆಯ ತಿಂಗಳುಗಳೇ ಮಳೆಗಾಲ. ಪಶ್ಚಿಮದ ಅಂಡಮಾನ್ ಸಮುದ್ರದ ಕಡೆ ನಮ್ಮ ಕರಾವಳಿಯದೇ ಪಂಚಾಂಗ: ಮೇ ತಿಂಗಳಿಂದ ನೈಋತ್ಯದ ಮಳೆ, ನವೆಂಬರಿಂದ ಏಪ್ರಿಲ್‌ವರೆಗೆ ಬಿಸಿಲು. ಅಲ್ಲಿ ಫುಕೆಟ್‌ನ ಪಟೋಂಗ್ ಬೀಚಿಗೆ ರಾತ್ರಿಯೆಂಬುದೇ ಇಲ್ಲ. ಕೊಲ್ಲಿಯ ಕಡೆಯ ಕೊ ಫಂಗನ್‌ನ ಹಾಡ್ ರಿನ್‌ನಲ್ಲಿ ಹುಣ್ಣಿಮೆಗೊಮ್ಮೆ ಬೆಳಗಾಗುವ ತನಕ ಕುಣಿತ. ಫಿ ಫಿ ದ್ವೀಪಗಳ ಮಾಯಾ ಬೇಯಂತೂ 2000ದಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾದಿಂದ ಹೆಸರು ಮಾಡಿ, ಜನರ ಕಾಲಡಿ ಹವಳವೆಲ್ಲ ಪುಡಿಯಾಗಿ, 2018ರಲ್ಲಿ ಬಾಗಿಲು ಹಾಕಬೇಕಾಯಿತು. ಮತ್ತೆ ತೆರೆದದ್ದು 2022ರಲ್ಲಿ. ಏಕಾಂತದ ಕಡಲತೀರವೆಂದು ಸಿನಿಮಾ ತೋರಿಸಿದ ಜಾಗದ ಏಕಾಂತವನ್ನು ಆ ಸಿನಿಮಾ ನೋಡಿದವರೇ ಹೋಗಿ ಮುಗಿಸಿದರು.

ಹುಡುಕಿ ಹುಡುಕಿ ಸಿಕ್ಕಿದ್ದು ಕ್ರಾಬಿ ಪ್ರಾಂತ್ಯದ ಕೊ ಲಾಂಟಾ. ಉದ್ದಕ್ಕೆ ಮಲಗಿದ ದ್ವೀಪ. ಬೀಚುಗಳೆಲ್ಲ ಪಶ್ಚಿಮಕ್ಕೆ, ನೀರಿನ ಮೇಲೆ ಕಂಬ ಊರಿ ನಿಂತ ಮರದ ಮನೆಗಳ ಹಳೆಯ ಪೇಟೆ ಪೂರ್ವಕ್ಕೆ. ಜನರಲ್ಲಿ ಹೆಚ್ಚಿನವರು ಮುಸ್ಲಿಮರು. ಜೊತೆಗೆ ಚೀನೀ ಮೂಲದ ವರ್ತಕರು, ಉರಾಕ್ ಲಾವೋಯ್ ಎಂಬ ಕಡಲ ಮಕ್ಕಳು. ಉತ್ತರದ ಕ್ಲೋಂಗ್ ದಾವ್‌ನಿಂದ ಕೆಳಗೆ ದಕ್ಷಿಣಕ್ಕೆ ಹೋದಷ್ಟೂ ಸದ್ದು ಕಡಿಮೆ, ರೇಟೂ ಕಡಿಮೆ ಎಂದು ಹೋಗಿಬಂದವರು ಹೇಳಿದ್ದರು. ಸದ್ದಿನ ಮಾತು ನಿಜ. ಮಧ್ಯಕ್ಕಿಂತ ಕೊಂಚ ಕೆಳಗಿನ ಕ್ಲೋಂಗ್ ನಿನ್‌ನಲ್ಲಿ ಫೆಬ್ರವರಿಗೆ ಗುಡಿಸಲು ಕಾದಿರಿಸಿದೆ. ಅದರ ಜೊತೆಗೆ, ಹೆಂಡತಿಗೆ ಹೇಳದೆ, ಥಾಯ್ ಅಡುಗೆ ತರಗತಿಗೆ ಎರಡು ಜಾಗ: ತಲಾ 1,800 ಬಾತ್, ನಮ್ಮ ದುಡ್ಡಿನಲ್ಲಿ ನಾಲ್ಕು ಸಾವಿರದ ಮೇಲೆ. ಹಣ ವಾಪಸಿಲ್ಲ. ಇದೇ ನಾನು ಕೊಚ್ಚಿಕೊಂಡಿದ್ದ ವಿಷಯ. ಅವಳಿಗೊಂದು ಸರ್‌ಪ್ರೈಸ್!

ಎರಡು ವಿಮಾನ, ಒಂದು ವ್ಯಾನು, ವ್ಯಾನನ್ನೇ ಹೊತ್ತುಕೊಂಡು ದಾಟಿಸುವ ಒಂದು ಜಂಗಲ್, ಒಂದು ಸೇತುವೆ, ಮುಟ್ಟುವಾಗ ಸಂಜೆ. ಮುಂದಿನ ಮೂರು ದಿನದ ಬಗ್ಗೆ ಬರೆಯಲು ಏನೂ ಇಲ್ಲ, ಅದಕ್ಕೇ ತಾನೇ ಹೋದದ್ದು. ಬೆಳಗಿನ ಜಾವ ಮಸೀದಿಯ ಬಾಂಗು, ಆಮೇಲೆ ಉದ್ದ ಬಾಲದ ದೋಣಿಗಳ ಇಂಜಿನ್ನಿನ ಕರ್ಕಶ. ಮೂತಿಗೆ ಬಣ್ಣದ ಬಟ್ಟೆ, ಹೂಮಾಲೆ ಕಟ್ಟಿಸಿಕೊಂಡ ಆ ದೋಣಿಗಳನ್ನು ಕಂಡಾಗ ನಮ್ಮ ತದಡಿಯ ಧಕ್ಕೆ ನೆನಪಾಯಿತು. ದೋಣಿ ದಾಟಿಹೋದ ಮೇಲೆ ಅಲೆ, ಗಾಳಿಮರದ ಸುಯ್ಯೆನ್ನುವಿಕೆ, ಅಷ್ಟೆ. ಎರಡನೆಯ ದಿನ ಇವಳು ವಾಚು ಬಿಚ್ಚಿ ಚೀಲದೊಳಗೆ ಹಾಕಿದಳು. ಮೂರನೆಯ ದಿನ ತಿಂಡಿಯ ಹೊತ್ತಿಗೆ ಹುಡುಗ ಬಂದು ಏನು ಬೇಕೆಂದು ಕೇಳಿದರೆ, "ನೀನೇ ಏನಾದರೂ ತಾ" ಎಂದು ಕನ್ನಡದಲ್ಲೇ ಹೇಳಿದಳು. ಅವನು ಏನೋ ತಂದ. ಇವಳು ತಿಂದಳು. ಇಷ್ಟು ಸುಖವಾದ ಮುಖವನ್ನು ನಾನು ನೋಡಿ ಬಹಳ ದಿನವಾಗಿತ್ತು.

ಆ ರಾತ್ರಿ ನಾನು ಬತ್ತಳಿಕೆಯಿಂದ ಬಾಣ ತೆಗೆದೆ. "ನಾಳೆ ಒಂಬತ್ತಕ್ಕೆ ಗಾಡಿ ಬರ್ತದೆ. ಥಾಯ್ ಅಡುಗೆ ಕಲಿಯೋಣ. ಮಾರ್ಕೆಟ್ಟು, ಕರಿ, ಎಲ್ಲ ಕೈಯಾರೆ!"

ಅವಳು ನನ್ನನ್ನೇ ನೋಡಿದಳು. ಹತ್ತನೇ ಕ್ಲಾಸಿನಲ್ಲಿ ತ್ರಿಕೋನಕ್ಕೆ ನಾಲ್ಕು ಬಾಹು ಎಂದವನನ್ನು ಹೀಗೇ ನೋಡುತ್ತಿದ್ದಳೇನೋ. "ಅಡುಗೆಮನೆ ಬೇಡ ಅಂತ ನಾನು ಸಮುದ್ರ ದಾಟಿ ಬಂದರೆ, ನೀವು ದುಡ್ಡು ಕೊಟ್ಟು ಇನ್ನೊಂದು ಅಡುಗೆಮನೆ ಹುಡುಕಿದ್ರಾ?"

ಹಣ ವಾಪಸ್ ಬರುವುದಿಲ್ಲ ಎಂದೆ.

"ಹಾಗಾದರೆ ನೀವು ಹೋಗಿ ಬನ್ನಿ. ಕಲಿತದ್ದು ವ್ಯರ್ಥ ಆಗೋದಿಲ್ಲ."

ಹೀಗೆ ನಾನು ಒಬ್ಬನೇ ಹೋದೆ. ಅಡುಗೆಗೂ ನನಗೂ ಇರುವ ನಂಟು ಬಾಳೆಯ ಈಚೆ ಬದಿಯದು: ಕೂರುವುದು, ಉಣ್ಣುವುದು, ಹುಳಿ ಮುಂದಾಯಿತೋ ಉಪ್ಪು ಕಡಿಮೆಯೋ ಎಂದು ತೀರ್ಪು ಹೇಳುವುದು. ತೀರ್ಪು ಬಂದ ಮೇಲೆ ಎದ್ದು ಹೋಗಿ ಉಪ್ಪಿನ ಭರಣಿ ತರುವುದು ಆಚೆ ಬದಿಯವರ ಕೆಲಸ.

ಕಲಿಸುವ ಹೆಂಗಸಿಗೆ ಐವತ್ತರ ಆಸುಪಾಸು. ತಲೆಗೆ ಹೂವಿನ ಚಿತ್ರದ ಬಟ್ಟೆ, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. "ಪೀ ಅನ್ನಿ ಸಾಕು" ಎಂದರು. ತಮಗಿಂತ ಹಿರಿಯರನ್ನು, ಅಣ್ಣ ಅಕ್ಕ ಎನ್ನುವ ಹಾಗೆ, ಅಲ್ಲಿ ಪೀ ಎನ್ನುತ್ತಾರೆ. ನಾನು ಅವರಿಗಿಂತ ಹತ್ತು ವರ್ಷವಾದರೂ ದೊಡ್ಡವನು. ಆದರೂ ಆ ದಿನ ಅಕ್ಕನೆನ್ನುವುದೇ ಸರಿ ಎನಿಸಿತು. ನನ್ನ ಜೊತೆಗಿದ್ದವರು ಸ್ವೀಡನ್ನಿನ ಗಂಡ ಹೆಂಡತಿ. ಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಇನ್ನೊಂದು ಹೆಸರಿತ್ತು. "ಮೇಡಂ ಎಲ್ಲಿ?" ಎಂದು ಕೇಳಿದರು. ಸಮುದ್ರ ನೋಡುತ್ತ ಮಲಗಿದ್ದಾಳೆ ಎಂದೆ. ಅಕ್ಕ ನಕ್ಕುಬಿಟ್ಟರು. ಅವರಿಗೆ ರಜೆಯಿದ್ದ ದಿನ ಮನೆಗೆ ಬೀದಿ ಅಂಗಡಿಯ ಹುರಿದ ಅನ್ನವೇ ಅಂತೆ. ಗಂಡ ಹೋಗಿ ತರುತ್ತಾನಂತೆ.

ನಾನು ಸಸ್ಯಾಹಾರಿ ಎಂದಾಗ ಅವರ ಬಾಯಿಂದ ಬಂದ ಪದ ಕೇಳಿ ಕಿವಿ ನಿಮಿರಿತು: "ಮಂಗ್ಸವಿರತ್!" ಮಾಂಸ ವಿರತಿ. ಆಹಾರಕ್ಕೆ ಆಹಾನ್, ಸಮುದ್ರಕ್ಕೆ ಸಮುತ್. ಯೋಗಕ್ಷೇಮ ಕೇಳುವುದೂ ನಮ್ಮ ಹಾಗೆಯೇ, "ಅನ್ನ ಉಂಡಾಯ್ತಾ?" ಎಂದು. ಆದರೆ ಸಂತೆಯಲ್ಲಿ ಬುಟ್ಟಿ ತುಂಬುತ್ತ ಹೋದಂತೆ ಈ ನೆಂಟಸ್ತಿಕೆ ಸ್ವಲ್ಪ ಅತಿಯಾಯಿತು. ಖಾ ಎಂಬ ಗಂಟುಬೇರು ನೋಡಿದರೆ ನಮ್ಮ ಗ್ರಂಥಿಗೆ ಅಂಗಡಿಯ ದುಂಪರಾಸ್ಮಿ. ನಮಗೆ ಕೆಮ್ಮಿದರೆ ಮಾತ್ರ ನೆನಪಾಗುವಂಥದ್ದು, ಅಲ್ಲಿ ದಿನದ ಅಡುಗೆಗೆ. ತಖ್ರಾಯ್ ನಮ್ಮ ಮಜ್ಜಿಗೆಹುಲ್ಲು. ಗೊಂಚಲು ಗೊಂಚಲಾಗಿ ಇಟ್ಟಿದ್ದ ಹಸಿರು ಕಾಯಿ ಸುಂಡೆ. ಪುಟ್ಟ ಮೆಣಸಿನ ಹೆಸರಿಗೆ ಅರ್ಥ ಇಲಿಹಿಕ್ಕೆ ಮೆಣಸು ಎಂದಂತೆ. ನಾವು ಮರ್ಯಾದಸ್ಥರು, ಜೀರಿಗೆ ಮೆಣಸು ಎನ್ನುತ್ತೇವೆ. ಇನ್ನು ಕಫ್ರಾವ್ ಎಂದು ಕಂತೆ ಕಟ್ಟಿ ಮಾರುತ್ತಿದ್ದ ಸೊಪ್ಪನ್ನು ಮೂಸಿದೆ. ತುಳಸಿ! ಕೋಳಿ ಮಾಂಸದ ಜೊತೆ ಬಾಣಲೆಗೆ ಹಾಕಿ ಹುರಿಯುತ್ತಾರಂತೆ. ಅಮ್ಮ ಇದ್ದಿದ್ದರೆ ಅಲ್ಲೇ ಕೂತುಬಿಡುತ್ತಿದ್ದಳು.

ಅಡುಗೆಯ ಜಾಗ ಮನೆಯ ಹಿಂದಿನ ತಗಡಿನ ಚಪ್ಪರ. ಅಕ್ಕ ಮೂಲೆಯಿಂದ ಒಂದು ಸಣ್ಣ ಮರದ ಪೀಠ ಎಳೆದರು. ನಾಲ್ಕು ಗಿಡ್ಡ ಕಾಲು, ಕೂತು ಕೂತು ನುಣುಪಾದ ಬೆನ್ನು, ಮುಂದಕ್ಕೆ ಚಾಚಿದ ಕಬ್ಬಿಣದ ನಾಲಗೆ, ಅದರ ತುದಿಗೆ ಹಲ್ಲು. "ಕ್ರತಾಯ್," ಎಂದರು. ಮೊಲ. ಹಿಂದೆ ಇದನ್ನು ಮೊಲದ ಆಕಾರದಲ್ಲೇ ಕೆತ್ತುತ್ತಿದ್ದರಂತೆ. ಹೆಸರು ಉಳಿಯಿತು, ಕಿವಿ ಹೋಯಿತು. ಸ್ವೀಡನ್ನಿನವರು ಫೋಟೋ ತೆಗೆದರು. ನಾನು ಸುಮ್ಮನೆ ನಿಂತೆ. ಅದು ನಮ್ಮ ಮನೆಯ ತುರಿಮಣೆ. ಒಂದು ಕಾಲು ಮಡಚಿ, ಇನ್ನೊಂದು ಚಾಚಿ ಅದರ ಮೇಲೆ ಕೂತ ಅಮ್ಮ, ಅತ್ತೆ, ಹೆಂಡತಿ ಎಲ್ಲರನ್ನೂ ನಾನು ಬಲ್ಲೆ. ಕೂತು ಮಾತ್ರ ಗೊತ್ತಿಲ್ಲ. ಬಾಲ್ಯದಲ್ಲಿ ಅದರ ಹತ್ತಿರ ಹೋದದ್ದು ತುರಿ ಕದಿಯಲಿಕ್ಕೆ.

ಮೊಲದ ಮೇಲೆ ಕೂತೆ. ಮೊದಲ ಕಡಿ ತಿರುಗಿಸುವಾಗಲೇ ಹೆಬ್ಬೆರಳು ತರಚಿತು. ಕರಟದ ಅಂಚಿನಿಂದ ಶುರು ಮಾಡಬೇಕು, ನಡುವಿನಿಂದ ಅಲ್ಲ; ಕರಟದ ಕಪ್ಪು ಬರುವ ಮೊದಲೇ ನಿಲ್ಲಿಸಬೇಕು. ಎರಡು ಕಡಿ ಮುಗಿಯುವಷ್ಟರಲ್ಲಿ ಸೊಂಟ ಮಾತಾಡತೊಡಗಿತು. ಮನೆಯಲ್ಲಿ ದಿನಕ್ಕೆ ಒಂದು ಕಾಯಿ ಎಂದರೂ ವರ್ಷಕ್ಕೆ 365. ಗಣಿತದ ಮೇಡಂ ಈ ಲೆಕ್ಕವನ್ನು ನನ್ನೆದುರು ಒಮ್ಮೆಯೂ ಮಾಡಿ ತೋರಿಸಿರಲಿಲ್ಲ.

ಬೆಚ್ಚಗಿನ ನೀರು ಹಾಕಿ ಹಿಂಡಿದ ಮೊದಲ ಹಾಲಿಗೆ ಅಲ್ಲಿ ತಲೆ ಎನ್ನುತ್ತಾರೆ, ಎರಡನೆಯದಕ್ಕೆ ಬಾಲ. ಆಮೇಲೆ ಕ್ರೋಕ್, ಅಂದರೆ ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರದ ಕಲ್ಲಿನ ಕುಟ್ಟಾಣಿ. ಹಸಿರು ಕರಿಯ ಮಸಾಲೆಗೆ ಒಂದು ಕ್ರಮ ಇದೆ. ಒಣಗಿದ್ದು, ಗಟ್ಟಿಯಾದದ್ದು ಮೊದಲು. ರಸ ಬಿಡುವಂಥದ್ದು ಕೊನೆಗೆ. ಕೊತ್ತಂಬರಿ, ಜೀರಿಗೆ, ಬಿಳಿ ಕಾಳುಮೆಣಸು ಪುಡಿಯಾದ ಮೇಲೆ ಮಜ್ಜಿಗೆಹುಲ್ಲಿನ ಬುಡ, ದುಂಪರಾಸ್ಮಿ, ಒಂದು ಒರಟು ನಿಂಬೆಯ ಸಿಪ್ಪೆ, ನಾವು ಕಿತ್ತು ಬಿಸಾಡುವ ಕೊತ್ತಂಬರಿ ಸೊಪ್ಪಿನ ಬೇರು, ಆಮೇಲೆ ಹಸಿಮೆಣಸು, ಎಲ್ಲದರ ಕೊನೆಗೆ ಬೆಳ್ಳುಳ್ಳಿ, ಸಣ್ಣ ಈರುಳ್ಳಿ. ಈರುಳ್ಳಿ ಮೊದಲೇ ಬಿದ್ದರೆ ಎಲ್ಲ ಜಾರಿ, ನಾರು ನಾರಾಗಿಯೇ ಉಳಿಯುತ್ತದೆ. ಮಿಕ್ಸಿ ಯಾಕಾಗಬಾರದು ಎಂದು ಕೇಳಿದೆ. "ಮಿಕ್ಸಿ ಕತ್ತರಿಸುತ್ತದೆ, ಕಲ್ಲು ಜಜ್ಜುತ್ತದೆ. ಎಣ್ಣೆ ಬಿಡುವುದು ಜಜ್ಜಿದರೆ," ಎಂದು ಅಕ್ಕ ನನ್ನ ಕೈಯಿಂದ ಗುಂಡು ತೆಗೆದುಕೊಂಡು ನಾಲ್ಕು ಏಟು ಹಾಕಿ ತೋರಿಸಿದರು. ಟಕ್ ಟಕ್ ಎಂಬ ಆ ಸದ್ದಿಗೆ ಒಂದು ತಾಳ ಇತ್ತು. ನನ್ನದಕ್ಕೆ ಇರಲಿಲ್ಲ. ಇಪ್ಪತ್ತೈದು ನಿಮಿಷ ಕುಟ್ಟಿದೆ. ಊರಮನೆಯ ಒರಳು ಅಂಗಳದಲ್ಲಿ ಮಳೆನೀರು ತುಂಬಿಕೊಂಡು ಕೂತಿದೆ, ಬೆಕ್ಕು ಬಂದು ಕುಡಿದು ಹೋಗುತ್ತದೆ. ಅದು ಸುಮ್ಮನಾದಾಗ ಊರಲ್ಲಿ ಯಾವ ಹೆಂಗಸೂ ಅತ್ತದ್ದು ನನಗೆ ಗೊತ್ತಿಲ್ಲ. ರುಚಿ ಹೋಯಿತು ಎಂದು ಹಲುಬಿದವರು ನಾವು, ಬಾಳೆಯ ಈಚೆ ಬದಿಯವರು.

ತಲೆ ಹಾಲನ್ನು ಕುದಿಸಿ ಎಣ್ಣೆ ಬಿಡಿಸಿ, ಅದರಲ್ಲೇ ಮಸಾಲೆ ಹುರಿದು, ಬಾಲ ಸೇರಿಸಿ, ಸುಂಡೆಕಾಯಿ, ತೋಫು ಹಾಕಿ, ಕಾಮಕಸ್ತೂರಿಯಂಥ ಸೊಪ್ಪು ಹರಿದು ಇಳಿಸುವಾಗ ಮಧ್ಯಾಹ್ನ. ಕೊನೆಗೊಂದು ಪೇಚು ಬಂತು. ಥಾಯ್ ಅಡುಗೆಗೆ ಉಪ್ಪು ಬರುವುದೇ ಸಿಗಡಿಯ ಕಪಿ ಮತ್ತು ಮೀನಿನ ನಾಮ್ ಪ್ಲಾ ಎಂಬ ರಸದಿಂದ. ನನ್ನ ಕುಟ್ಟಾಣಿಯಿಂದ ಎರಡನ್ನೂ ಬಿಟ್ಟಿದ್ದರು. "ಉಪ್ಪು ನೀವೇ ನೋಡಿ ಹಾಕಿ," ಎಂದು ಅಕ್ಕ ಸ್ವೀಡನ್ನಿನವರ ಕಡೆ ತಿರುಗಿದರು. ಜೀವಮಾನವಿಡೀ ಉಪ್ಪಿನ ಮೇಲೆ ತೀರ್ಪು ಕೊಟ್ಟ ನನಗೆ ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ. ಹೆಚ್ಚಾದರೆ ತೆಗೆಯಲಾಗದು. ಹೆದರಿ, ಮೂರು ಬೆರಳಲ್ಲಿ ಚಿಟಿಕೆ ಹಾಕಿದೆ.

ನನ್ನ ಪಾಲು ಉಣ್ಣಲಿಲ್ಲ. ಅಲ್ಲಿಯ ರೂಢಿಯಂತೆ ಅಕ್ಕ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಬೇರೊಂದು ಚೀಲದಲ್ಲಿ ಅನ್ನ ಕಟ್ಟಿ ಕೊಟ್ಟರು. ಬೈಕಿಗೆ ತೊಟ್ಟಿಲು ಜೋಡಿಸಿದಂಥ ಗಾಡಿಯಲ್ಲಿ, ಬಿಸಿ ಚೀಲವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಬಂದೆ.

ಅವಳು ಗಾಳಿಮರದ ಕೆಳಗೆ ಇದ್ದಲ್ಲೇ ಇದ್ದಳು. ಬಟ್ಟಲಿಗೆ ಬಡಿಸಿ ಕೊಟ್ಟೆ. ಹೆಬ್ಬೆರಳಿನ ಪಟ್ಟಿ ಕಾಣುವಂತೆಯೇ ಕೊಟ್ಟೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಅವಳು ಪಟ್ಟಿ ನೋಡಿದಳು, ಏನೂ ಕೇಳಲಿಲ್ಲ. ಎರಡು ತುತ್ತು ಉಂಡಳು. ನಾನು ನಿಂತೇ ಇದ್ದೆ. ಕಲ್ಲಿನ ವಿಷಯ, ಬೇರಿನ ವಿಷಯ, ತಲೆ ಬಾಲದ ವಿಷಯ ಎಲ್ಲ ನಾಲಗೆಯ ತುದಿಗೆ ಬಂದಿತ್ತು.

"ಚೆನ್ನಾಗಿದೆ," ಎಂದಳು ಸಮುದ್ರವನ್ನೇ ನೋಡುತ್ತ. "ಉಪ್ಪು ಸ್ವಲ್ಪ ಕಡಿಮೆ."

ನಾನು ಉಪ್ಪು ತರಲಿಕ್ಕೆ ಹೋದೆ.